ಮಂಡಕ್ಕಿ ಭಟ್ಟಿಯ ಹೊಗೆ ಮತ್ತು ಜಾಕ್2 ವಂಶವಾಹಿ: ದಾವಣಗೆರೆಯ ಒಂದು ಪ್ರಕರಣ

ದಾವಣಗೆರೆಯ ಮಂಡಕ್ಕಿ ಭಟ್ಟಿಯೊಂದರಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ದುಡಿದಿದ್ದ 61 ವರ್ಷದ ಮಹಿಳೆಯೊಬ್ಬರು 2014ರ ಮಳೆಗಾಲದಲ್ಲಿ ಸೊಸೆಯ ಜತೆ ನಮ್ಮ ಹೊರರೋಗಿ ವಿಭಾಗಕ್ಕೆ ಬಂದರು. ಅವರು ತಂದಿದ್ದ ರಕ್ತಪರೀಕ್ಷೆಯ ವರದಿಯಲ್ಲಿ ಹಿಮೋಗ್ಲೋಬಿನ್ ಡೆಸಿಲೀಟರಿಗೆ 18.9 ಗ್ರಾಂ, ಹೆಮಟೊಕ್ರಿಟ್ (ರಕ್ತದಲ್ಲಿ ಕೆಂಪುಕಣಗಳ ಪಾಲು) ಶೇಕಡ 58, ಬಿಳಿ ರಕ್ತಕಣ 14,200, ಪ್ಲೇಟ್‌ಲೆಟ್ 6.1 ಲಕ್ಷ ಎಂದಿತ್ತು. ಗುರುತು ಹತ್ತುವ ವಿವರಗಳನ್ನೆಲ್ಲ ಬಿಟ್ಟು, ಮುಂದಿನ ಎಂಟು ವರ್ಷ ಅವರ ರಕ್ತದಲ್ಲಿ ಏನೇನು ನಡೆಯಿತು, ಅದಕ್ಕೆ ಕಾರಣವಾದ ವಂಶವಾಹಿ ಯಾವುದು, ಕೊನೆಗೆ ಬಂದ ಲ್ಯುಕೀಮಿಯಾ ಎಂಬ ರಕ್ತಕ್ಯಾನ್ಸರಿಗೂ ಆ ವಂಶವಾಹಿಗೂ ಎಷ್ಟು ನಂಟು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅವರ ದೂರುಗಳು ಮೂರು: ಸದಾ ತಲೆಭಾರ, ಅಂಗಾಲಿನ ಉರಿ, ಸ್ನಾನವಾದ ಮೇಲೆ ಮೈಯೆಲ್ಲ ತುರಿಕೆ. ಮೂರನೆಯದನ್ನು ಅವರು ತಾವಾಗಿ ಹೇಳಲಿಲ್ಲ. ಸೊಸೆಯೇ ಮುಂದೆ ಬಂದು, "ನಮ್ಮತ್ತೆ ಸ್ನಾನ ಅಂದ್ರೆ ಹೆದರ್ತಾರ್ರಿ ಡಾಕ್ಟ್ರೆ, ಬಿಸಿನೀರು ಮೈಮ್ಯಾಲೆ ಬಿದ್ರೆ ಸಾಕು, ಸೂಜಿ ಚುಚ್ಚಿದಂಗೆ ಆಗ್ತತೆ ಅಂತಾರೆ" ಎಂದರು. ಚರ್ಮದ ಮೇಲೆ ಗುಳ್ಳೆಯಾಗಲಿ ಕಜ್ಜಿಯಾಗಲಿ ಇರಲಿಲ್ಲ. ಅದಕ್ಕೂ ಮುಂಚೆ ಬೇರೆ ಕಡೆ ತೋರಿಸಿದಾಗ ತುರಿಕೆಗೆ ಮುಲಾಮು, ಸುಸ್ತಿಗೆ ಕಬ್ಬಿಣಾಂಶದ ಟಾನಿಕ್, ಏರಿದ ಹಿಮೋಗ್ಲೋಬಿನ್ನಿಗೆ "ಭಟ್ಟಿ ಹೊಗೆಯಿಂದ ಹೀಗಾಗಿದೆ" ಎಂಬ ವಿವರಣೆ ಸಿಕ್ಕಿತ್ತು. ಹೀಗೆ ಒಂದೇ ಮೂಲದಿಂದ ಹೊರಟ ಮೂರು ಲಕ್ಷಣಗಳಿಗೆ ಮೂರು ಬೇರೆ ಬೇರೆ ಉತ್ತರಗಳು ದೊರೆತು, ಎರಡು ವರ್ಷ ಕಳೆದಿದ್ದವು.

ಹೊಗೆಯ ವಿವರಣೆಯನ್ನು ಸುಮ್ಮನೆ ತಳ್ಳಿಹಾಕುವಂತಿರಲಿಲ್ಲ. ಕಾದ ಮರಳಿನಲ್ಲಿ ಅಕ್ಕಿ ಅರಳಿಸುವ ಭಟ್ಟಿಗೆ ಭತ್ತದ ಹೊಟ್ಟು, ಕಟ್ಟಿಗೆ ಹಾಕುತ್ತಾರೆ. ತಗಡಿನ ಸೂರಿನ ಕೆಳಗೆ ಗಂಟೆಗಟ್ಟಲೆ ಆ ಹೊಗೆಯಲ್ಲಿ ನಿಂತವರ ರಕ್ತಕ್ಕೆ ಕಾರ್ಬನ್ ಮಾನಾಕ್ಸೈಡ್ ಸೇರುತ್ತದೆ. ಆ ಅನಿಲ ಹಿಮೋಗ್ಲೋಬಿನ್ನಿಗೆ ಬಿಗಿಯಾಗಿ ಅಂಟಿಕೊಂಡು ಆಮ್ಲಜನಕಕ್ಕೆ ಜಾಗ ಬಿಡುವುದಿಲ್ಲ. ಅಂಗಾಂಶಗಳಿಗೆ ಆಮ್ಲಜನಕ ಸಾಲದೆ ಬಂದಾಗ ಮೂತ್ರಪಿಂಡಗಳು ಎರಿತ್ರೋಪೊಯೆಟಿನ್ ಎಂಬ ಹಾರ್ಮೋನನ್ನು ಹೆಚ್ಚು ಸ್ರವಿಸುತ್ತವೆ. ಅಸ್ಥಿಮಜ್ಜೆ ಅದರ ಕರೆಗೆ ಓಗೊಟ್ಟು ಕೆಂಪುಕಣಗಳನ್ನು ಹೆಚ್ಚಿಸುತ್ತದೆ. ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಇಲ್ಲಿ ನೆರವಿಗೆ ಬಾರದು, ಏಕೆಂದರೆ ಕಾರ್ಬನ್ ಮಾನಾಕ್ಸೈಡ್ ಅಂಟಿದ ಹಿಮೋಗ್ಲೋಬಿನ್ನನ್ನೂ ಅದು ಆಮ್ಲಜನಕ ತುಂಬಿದ್ದೆಂದೇ ಓದುತ್ತದೆ. ಈ ರೋಗಿಯಲ್ಲಿ ಅದು ಶೇಕಡ 97 ತೋರಿಸಿತ್ತು, ಅದರಿಂದ ಹೌದೆನ್ನಲೂ ಅಲ್ಲವೆನ್ನಲೂ ಆಗುತ್ತಿರಲಿಲ್ಲ.

ಆದರೆ ಹೊಗೆಗೆ ಒಗ್ಗದ ಸಂಗತಿಗಳು ಹಲವು ಇದ್ದವು. ಹೊಟ್ಟೆಯ ಎಡಭಾಗದಲ್ಲಿ ಪಕ್ಕೆಲುಬಿನ ಅಂಚಿನಿಂದ ನಾಲ್ಕು ಸೆಂಟಿಮೀಟರ್ ಕೆಳಗೆ ಹಿಗ್ಗಿದ ಗುಲ್ಮ (ಸ್ಪ್ಲೀನ್) ಕೈಗೆ ಸಿಗುತ್ತಿತ್ತು. ಕೆಂಪುಕಣಗಳ ಜತೆಗೆ ಬಿಳಿಕಣ, ಪ್ಲೇಟ್‌ಲೆಟ್‌ಗಳೂ ಏರಿದ್ದವು. ಕೆಂಪುಕಣಗಳ ಸರಾಸರಿ ಗಾತ್ರ 71 ಫೆಮ್ಟೊಲೀಟರಿಗೆ ಇಳಿದಿತ್ತು. ಎಂದರೆ ಕಣಗಳ ಸಂಖ್ಯೆ ಮಿತಿಮೀರಿ, ದೇಹದ ಕಬ್ಬಿಣದ ದಾಸ್ತಾನು ಬರಿದಾಗುತ್ತ ಬಂದಿತ್ತು. ಇಂಥ ರಕ್ತಕ್ಕೆ ಕಬ್ಬಿಣದ ಟಾನಿಕ್ ಕೊಟ್ಟರೆ ಕಣಗಳು ಇನ್ನಷ್ಟು ಹೆಚ್ಚುತ್ತವೆ, ಆದ್ದರಿಂದ ಮೊದಲು ನಿಲ್ಲಿಸಿದ್ದು ಅದನ್ನೇ. ಎರಿತ್ರೋಪೊಯೆಟಿನ್ ಮಟ್ಟ ಅಳೆಯಲು ಮತ್ತು ಕಣ ತಯಾರಿಸುವ ಸಂಕೇತವನ್ನು ಕೋಶದೊಳಗೆ ದಾಟಿಸುವ ಜಾಕ್2 ವಂಶವಾಹಿಯಲ್ಲಿ ಮ್ಯುಟೇಶನ್ (ಬದಲಾವಣೆ) ಹುಡುಕಲು ರಕ್ತದ ಮಾದರಿಗಳನ್ನು ಬೆಂಗಳೂರಿಗೆ ಕಳಿಸಿದೆವು.

ಹಾರ್ಮೋನಿನ ಮಟ್ಟ 1.8 ಎಂದು ಬಂತು. ಪ್ರಯೋಗಾಲಯದ ಕೆಳಮಿತಿಗಿಂತಲೂ ಕಡಿಮೆ. ನನ್ನ ಪಾಲಿಗೆ ಇಡೀ ಪ್ರಕರಣದ ತಿರುವು ಈ ಸಂಖ್ಯೆಯೇ. ಹೊಗೆ ಕಾರಣವಾಗಿದ್ದರೆ ಹಾರ್ಮೋನು ಹೆಚ್ಚಿರಬೇಕಿತ್ತು, ಕೊನೆಯ ಪಕ್ಷ ಮಾಮೂಲು ಮಟ್ಟದಲ್ಲಾದರೂ ಇರಬೇಕಿತ್ತು. ಮೂತ್ರಪಿಂಡಗಳು ಕರೆ ನಿಲ್ಲಿಸಿದ ಮೇಲೂ ಮಜ್ಜೆ ಕಣ ತಯಾರಿಸುತ್ತಲೇ ಇದೆ ಎಂದರೆ ದೋಷ ಮಜ್ಜೆಯ ಒಳಗೇ ಇದೆ. ಜಾಕ್2 ಪರೀಕ್ಷೆಯಲ್ಲಿ ವಿ617ಎಫ್ ಎಂಬ ಮ್ಯುಟೇಶನ್ ಸಿಕ್ಕಿತು, ರಕ್ತಕಣಗಳಲ್ಲಿನ ಜಾಕ್2 ಪ್ರತಿಗಳ ಪೈಕಿ ಶೇಕಡ 38ರಲ್ಲಿ ಅದಿತ್ತು. ಆಗ ಬಳಕೆಯಲ್ಲಿದ್ದ ವಿಶ್ವ ಆರೋಗ್ಯ ಸಂಸ್ಥೆಯ 2008ರ ಮಾನದಂಡದಲ್ಲಿ ಮಹಿಳೆಯರ ಹಿಮೋಗ್ಲೋಬಿನ್ ಮಿತಿ 16.5 ಗ್ರಾಂ ಇತ್ತು. 2016ರಲ್ಲಿ ಅದನ್ನು 16ಕ್ಕೆ ಇಳಿಸಿದರು. ಯಾವುದರಿಂದ ಅಳೆದರೂ ರೋಗನಿರ್ಣಯ ಒಂದೇ: ಪಾಲಿಸೈಥೀಮಿಯಾ ವೆರಾ, ಎಂದರೆ ಮಜ್ಜೆ ತಾನಾಗಿಯೇ ಮಿತಿಮೀರಿ ರಕ್ತಕಣ ತಯಾರಿಸುವ ರೋಗ.

ಜಾಕ್2 ಪ್ರೋಟೀನಿನ ಒಳಗೆ

ಜಾಕ್2 ಎಂಬುದು 1132 ಅಮೈನೋ ಆಮ್ಲಗಳ ಉದ್ದನೆಯ ಪ್ರೋಟೀನು. ಅದರ ತುದಿಯಲ್ಲಿ ಕೈನೇಸ್ ಭಾಗವಿದೆ. ಇದು ಕೋಶದ ಶಕ್ತಿಯ ಅಣುವಾದ ಎಟಿಪಿಯಿಂದ ಫಾಸ್ಫೇಟನ್ನು ತೆಗೆದು ಬೇರೆ ಪ್ರೋಟೀನುಗಳ ಮೇಲೆ ಕೂರಿಸಿ ಅವುಗಳನ್ನು ಚುರುಕುಗೊಳಿಸುತ್ತದೆ. ಅದಕ್ಕೆ ತಾಗಿಯೇ ಅದೇ ಅಚ್ಚಿನ ಇನ್ನೊಂದು ಭಾಗವಿದೆ. ಮಡಿಕೆ, ಆಕಾರ ಎಲ್ಲ ಕೈನೇಸಿನದೇ ಆದರೂ ಫಾಸ್ಫೇಟ್ ಸಾಗಿಸಲು ಬೇಕಾದ ಮುಖ್ಯ ಅಮೈನೋ ಆಮ್ಲಗಳು ಅಲ್ಲಿ ಬದಲಾಗಿವೆ. ಇಂಥವುಗಳಿಗೆ ಸ್ಯೂಡೋಕೈನೇಸ್ ಎನ್ನುತ್ತಾರೆ. ಮಾನವ ಜೀನೋಮಿನಲ್ಲಿರುವ 518 ಕೈನೇಸ್ ವಂಶವಾಹಿಗಳನ್ನು 2002ರಲ್ಲಿ ಪಟ್ಟಿ ಮಾಡಿದಾಗ, ಅವುಗಳಲ್ಲಿ ಸುಮಾರು ಹತ್ತನೇ ಒಂದು ಪಾಲು ಹೀಗೆ ಕೆಲಸದ ಅಂಗ ಕಳೆದುಕೊಂಡವು ಎಂದು ಗೊತ್ತಾಯಿತು. ವಿಕಾಸದ ಹಾದಿಯಲ್ಲಿ ಉಳಿದುಕೊಂಡ ನಿರುಪಯೋಗಿ ತುಣುಕುಗಳೆಂದು ಇವನ್ನು ಬದಿಗಿಡುವುದು ಸುಲಭವಿತ್ತು. ರಕ್ತದ ರೋಗಗಳು ಆ ಅಭಿಪ್ರಾಯವನ್ನು ಉಳಿಯಗೊಡಲಿಲ್ಲ.

ಜಾಕ್2ರ ಸ್ಯೂಡೋಕೈನೇಸ್ ಭಾಗ ಪಕ್ಕದ ಕೈನೇಸ್ ಭಾಗವನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂಬುದು 2000ದ ಹೊತ್ತಿಗೆ ಪ್ರಯೋಗಗಳಿಂದ ತಿಳಿದಿತ್ತು: ಆ ಭಾಗವನ್ನು ಕತ್ತರಿಸಿ ತೆಗೆದರೆ ಕೈನೇಸ್ ಕಡಿವಾಣವಿಲ್ಲದೆ ಕೆಲಸ ಮಾಡತೊಡಗುತ್ತಿತ್ತು. ಭದ್ರಾ ನಾಲೆಯ ತೂಬಿನ ಬಾಗಿಲು ತಾನಾಗಿ ಗದ್ದೆಗೆ ನೀರುಣಿಸುವುದಿಲ್ಲ, ಆದರೂ ಅದು ಕೆಟ್ಟು ತೆರೆದೇ ನಿಂತರೆ ಯಾರೂ ಕೇಳದ ಹೊತ್ತಿನಲ್ಲೂ ನೀರು ಹರಿದು ಬೆಳೆ ಕೊಳೆಯುತ್ತದೆ; ಈ ಭಾಗದ ಪಾತ್ರವೂ ಬಹುಮಟ್ಟಿಗೆ ಅಂಥದು. 2005ರಲ್ಲಿ ಪ್ಯಾರಿಸ್, ಕೇಂಬ್ರಿಜ್, ಬಾಸೆಲ್, ಬಾಸ್ಟನ್ನಿನ ಸಂಶೋಧನಾ ತಂಡಗಳು ಬೇರೆ ಬೇರೆ ದಾರಿಯಿಂದ ಹೊರಟು ಒಂದೇ ಜಾಗಕ್ಕೆ ಬಂದು ತಲುಪಿದವು: ಪಾಲಿಸೈಥೀಮಿಯಾ ವೆರಾ ರೋಗಿಗಳಲ್ಲಿ ಜಾಕ್2ರ 617ನೇ ಸ್ಥಾನದ ವ್ಯಾಲಿನ್ ಹೋಗಿ ಫಿನೈಲ್‌ಅಲನಿನ್ ಬಂದಿತ್ತು, ಮತ್ತು ಆ ಸ್ಥಾನ ಇದ್ದದ್ದು ಸ್ಯೂಡೋಕೈನೇಸ್ ಭಾಗದಲ್ಲೇ. ಈ ರೋಗದ ಶೇಕಡ 95ಕ್ಕೂ ಹೆಚ್ಚು ರೋಗಿಗಳಲ್ಲಿ ಇದೊಂದೇ ಬದಲಾವಣೆ ಕಾಣುತ್ತದೆ. ಇದು ಕಡಿವಾಣ ಸಡಿಲಿಸುವುದಷ್ಟೇ ಅಲ್ಲ ಎಂದೂ ಮುಂದೆ ಗೊತ್ತಾಯಿತು. ಬದಲಾದ ಸ್ಯೂಡೋಕೈನೇಸ್ ಭಾಗಗಳು ಒಂದಕ್ಕೊಂದು ಬಿಗಿಯಾಗಿ ಕೂಡಿಕೊಳ್ಳುವುದರಿಂದ, ಹಾರ್ಮೋನು ಬಾರದಿದ್ದರೂ ಎರಡು ಗ್ರಾಹಕಗಳು (ಕೋಶದ ಮೇಲ್ಮೈಯಲ್ಲಿ ಹಾರ್ಮೋನನ್ನು ಹಿಡಿಯುವ, ಒಳಬದಿಯಲ್ಲಿ ಜಾಕ್2 ಕೂತಿರುವ ಪ್ರೋಟೀನುಗಳು) ಜೋಡಿಯಾಗಿ ಸಂಕೇತ ಕಳಿಸುತ್ತಲೇ ಇರುತ್ತವೆ. ಇನ್ನೊಂದು ಮಾತನ್ನೂ ಸೇರಿಸಬೇಕು: ಈ ಭಾಗ ಪೂರ್ತಿ ನಿಷ್ಕ್ರಿಯವೂ ಅಲ್ಲ. ಅದು ಜಾಕ್2ರ ಮೇಲೆಯೇ ಎರಡು ಕಡೆ ಫಾಸ್ಫೇಟ್ ಕೂರಿಸಿ ಅದನ್ನು ತಣ್ಣಗಿಡುವಷ್ಟು ಅಲ್ಪ ಶಕ್ತಿ ಉಳಿಸಿಕೊಂಡಿದೆ ಎಂದು 2011ರಲ್ಲಿ ಕಂಡುಬಂತು.

ನಮ್ಮ ರೋಗಿಯ ರಕ್ತದಲ್ಲಿ ಮೂರು ಬಗೆಯ ಕಣಗಳು ಒಟ್ಟಿಗೆ ಏರಿದ್ದೇಕೆ ಎಂಬುದಕ್ಕೂ ಇಲ್ಲೇ ಉತ್ತರವಿದೆ. ಕೆಂಪುಕಣಕ್ಕೆ ಎರಿತ್ರೋಪೊಯೆಟಿನ್, ಪ್ಲೇಟ್‌ಲೆಟ್ ಹುಟ್ಟಿಗೆ ಥ್ರಾಂಬೊಪೊಯೆಟಿನ್, ನ್ಯೂಟ್ರೋಫಿಲ್ ಎಂಬ ಬಿಳಿಕಣಗಳಿಗೆ ಜಿ-ಸಿಎಸ್‌ಎಫ್, ಈ ಮೂರರ ಗ್ರಾಹಕಗಳೂ ತಮ್ಮದೇ ಕೈನೇಸ್ ಇಲ್ಲದೆ ಜಾಕ್2ರ ಮೇಲೆ ಅವಲಂಬಿಸಿವೆ. ಮ್ಯುಟೇಶನ್ ಆಗಿದ್ದು ಮಜ್ಜೆಯ ಒಂದು ಕಾಂಡಕೋಶದಲ್ಲಿ. ಅದರ ಸಂತತಿ ಯಾವ ಕವಲಿಗೆ ಹೋದರೂ ಅದೇ ಕೆಟ್ಟ ಜಾಕ್2 ಅಲ್ಲಿಗೂ ಹೋಯಿತು. ಲಿಂಫೋಸೈಟ್ ಎಂಬ ಬೇರೆ ಬಗೆಯ ಬಿಳಿಕಣಗಳ ಎಣಿಕೆ ಮಾತ್ರ ಅವರಲ್ಲಿ ಹೆಚ್ಚಿರಲಿಲ್ಲ.

ಅದೇ ಸ್ಯೂಡೋಕೈನೇಸ್ ಭಾಗದ ಬೇರೊಂದು ಸ್ಥಾನ ಕೆಟ್ಟರೆ ರೋಗವೇ ಬೇರೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳಿಗೆ ಬರುವ ಲಿಂಫೋಬ್ಲಾಸ್ಟಿಕ್ ಲ್ಯುಕೀಮಿಯಾದ ಸುಮಾರು ಐದನೇ ಒಂದು ಪಾಲಿನಲ್ಲಿ ಜಾಕ್2ರ 683ನೇ ಸ್ಥಾನದ ಆರ್ಜಿನಿನ್ ಬದಲಾಗಿರುತ್ತದೆ ಎಂದು 2008ರಲ್ಲಿ ವರದಿಯಾಯಿತು. ಅಲ್ಲಿ ಜಾಕ್2 ಸಿಆರ್‌ಎಲ್‌ಎಫ್2 ಎಂಬ ಇನ್ನೊಂದು ಗ್ರಾಹಕದ ಜತೆ ಸೇರಿ, ಬಿ-ಲಿಂಫೋಸೈಟ್ ಆಗಬೇಕಾದ ಎಳೆಯ ಕೋಶಗಳನ್ನು ಬೆಳೆಸುತ್ತದೆ. ಒಂದೇ ವಂಶವಾಹಿಯ ಒಂದೇ ಭಾಗದಲ್ಲಿ ಅರವತ್ತಾರು ಅಮೈನೋ ಆಮ್ಲಗಳ ಅಂತರದ ಎರಡು ಬದಲಾವಣೆಗಳಲ್ಲಿ ಒಂದು ಇಳಿವಯಸ್ಸಿನವರ ರಕ್ತ ದಪ್ಪಗಾಗಿಸಿದರೆ, ಇನ್ನೊಂದು ಮಕ್ಕಳ ತೀವ್ರ ರಕ್ತಕ್ಯಾನ್ಸರಿನಲ್ಲಿ ಸಿಗುತ್ತದೆ.

ಚಿಕಿತ್ಸೆಯ ಮೊದಲ ವರ್ಷಗಳು

ಹೆಮಟೊಕ್ರಿಟ್ಟನ್ನು ಶೇಕಡ 45ಕ್ಕಿಂತ ಕೆಳಗಿಟ್ಟರೆ ಹೃದಯಾಘಾತ, ಪಾರ್ಶ್ವವಾಯು, ರಕ್ತನಾಳದ ಹೆಪ್ಪು ಇವುಗಳಿಂದಾಗುವ ಸಾವುನೋವು ಗಣನೀಯವಾಗಿ ತಗ್ಗುತ್ತದೆ ಎಂದು ಇಟಲಿಯ ವೈದ್ಯರು ನಡೆಸಿದ ಅಧ್ಯಯನ 2013ರಲ್ಲಷ್ಟೇ ಪ್ರಕಟವಾಗಿತ್ತು. ನಮ್ಮ ಗುರಿಯೂ ಅದೇ ಆಯಿತು. ದಾರಿ ಸರಳ: ರಕ್ತನಿಧಿಯಲ್ಲಿ ದಾನಿಗಳಿಂದ ತೆಗೆಯುವಂತೆಯೇ ಪ್ರತಿ ಸಲ ಸುಮಾರು 350 ಮಿಲಿಲೀಟರ್ ರಕ್ತ ತೆಗೆಯುವುದು, ಜತೆಗೆ ಕಡಿಮೆ ಪ್ರಮಾಣದ ಆಸ್ಪಿರಿನ್. ವಯಸ್ಸು 60 ದಾಟಿದ್ದರಿಂದ ಕಣಗಳ ತಯಾರಿ ತಗ್ಗಿಸುವ ಹೈಡ್ರಾಕ್ಸಿಯೂರಿಯಾ ಗುಳಿಗೆಯೂ ಬೇಕಾಯಿತು.

ಆದರೆ ರಕ್ತ ತೆಗೆಸಿಕೊಳ್ಳಲು ಅವರನ್ನು ಒಪ್ಪಿಸುವುದು ಸುಲಭವಾಗಲಿಲ್ಲ. ಬಸುರಿ ಬಾಣಂತನದ ಕಾಲದಿಂದಲೂ "ನಿಂಗೆ ರಕ್ತ ಕಮ್ಮಿ ಐತೆ" ಎಂಬ ಮಾತನ್ನೇ ಕೇಳುತ್ತ ಬಂದ, ಕಬ್ಬಿಣದ ಗುಳಿಗೆ ನುಂಗುತ್ತ ಬಂದ ಹೆಂಗಸಿಗೆ ಒಂದು ದಿನ ಡಾಕ್ಟರು ರಕ್ತ ಹೆಚ್ಚಾಗಿದೆ, ತೆಗೆಯಬೇಕು ಎಂದರೆ ನಂಬಿಕೆ ಬರುವುದು ಹೇಗೆ? ಮೊದಲ ಸಲ ಚೀಲ ತುಂಬಲು ಬಹಳ ಹೊತ್ತು ಹಿಡಿಯಿತು. ಕೊಳವೆಯಲ್ಲಿ ರಕ್ತ ಕಪ್ಪುಗೆಂಪಾಗಿ, ಗಟ್ಟಿ ಬೆಲ್ಲದ ಪಾಕದ ಹದದಲ್ಲಿ ಇಳಿಯುತ್ತಿತ್ತು. ಆ ಚೀಲವನ್ನು ಬೇರೆಯವರಿಗೆ ಕೊಡುವಂತಿಲ್ಲ, ನಾಶಪಡಿಸಬೇಕು ಎಂದು ತಿಳಿದಾಗ ಅವರು ನೊಂದುಕೊಂಡು, "ಇಷ್ಟು ಚಲೋ ರಕ್ತ ಚೆಲ್ತೀರಲ್ರಿ ಡಾಕ್ಟ್ರೆ, ಯಾರಿಗಾದ್ರೂ ಬರ್ತಿರಲಿಲ್ವೇನ್ರಿ" ಎಂದು ಕೇಳಿದರು. "ಅಮ್ಮಾ, ಅದರಾಗೆ ನಿಮ್ಮ ಮಜ್ಜೆ ರೋಗದ ಕಣ ಐತೆ, ಅದನ್ನ ಇನ್ನೊಬ್ಬರ ಮೈಗೆ ಹಾಕೋದು ಸರಿಯಲ್ಲ" ಎಂದು ಹೇಳಿದೆ. ನಾಲ್ಕನೆಯ ಸಲದ ಹೊತ್ತಿಗೆ ತಲೆಭಾರ ಇಳಿದಿತ್ತು, ಆಸ್ಪಿರಿನ್ನಿಗೆ ಅಂಗಾಲಿನ ಉರಿಯೂ ಹೋಗಿತ್ತು. ಆಮೇಲೆ ಅವರೇ ದಿನ ನೆನಪಿಟ್ಟುಕೊಂಡು ಬರತೊಡಗಿದರು. ಸ್ನಾನದ ತುರಿಕೆ ಮಾತ್ರ ಪೂರ್ತಿ ಹೋಗಲೇ ಇಲ್ಲ.

ಆರು ವರ್ಷ ಹೀಗೆ ನಡೆಯಿತು. ಬರೆಯಲು ಹೆಚ್ಚೇನಿಲ್ಲದ ಈ ಆರು ವರ್ಷಗಳೇ ಚಿಕಿತ್ಸೆಯ ನಿಜವಾದ ಫಲ ಎಂದು ನನ್ನ ಅಭಿಪ್ರಾಯ. ಒಂದು ಸಲವೂ ಹೆಪ್ಪುಗಟ್ಟಿದ ತೊಂದರೆ ಆಗಲಿಲ್ಲ, ಭಟ್ಟಿಯ ಕೆಲಸ ಬಿಟ್ಟು ಮನೆಯಲ್ಲಿ ಮೊಮ್ಮಕ್ಕಳನ್ನು ನೋಡಿಕೊಂಡಿದ್ದರು.

2020ರ ನಂತರ

2020ರಲ್ಲಿ ರಕ್ತ ತೆಗೆಯುವ ಅಗತ್ಯ ತಾನಾಗಿಯೇ ಇಲ್ಲವಾಯಿತು. ಮನೆಯವರಿಗೆ ಅದು ಗುಣಮುಖವಾದ ಲಕ್ಷಣದಂತೆ ಕಂಡಿತು. ಹೈಡ್ರಾಕ್ಸಿಯೂರಿಯಾ ನಿಲ್ಲಿಸಿದ ಮೇಲೂ ಹಿಮೋಗ್ಲೋಬಿನ್ 9ಕ್ಕೆ ಇಳಿದು, ಗುಲ್ಮ ಹೊಕ್ಕುಳ ದಾಟಿ ಬೆಳೆದು, ರಕ್ತದ ಲೇಪನದಲ್ಲಿ ಕಣ್ಣೀರ ಹನಿಯಾಕಾರದ ಕೆಂಪುಕಣಗಳು ಕಾಣಿಸಿದಾಗ ನಮಗೆ ಬೇರೆಯೇ ಅರ್ಥವಾಯಿತು. ಮಜ್ಜೆಯ ಪರೀಕ್ಷೆಯಲ್ಲಿ ನಾರು ದಟ್ಟವಾಗಿ ಬೆಳೆದಿತ್ತು: ಪಾಲಿಸೈಥೀಮಿಯಾ ಮೈಲೊಫೈಬ್ರೊಸಿಸ್ ಆಗಿ ಮಾರ್ಪಟ್ಟಿತ್ತು. ಜಾಕ್2 ಮ್ಯುಟೇಶನ್ನಿನ ಪಾಲು ಶೇಕಡ 38ರಿಂದ 82ಕ್ಕೆ ಏರಿತ್ತು. ಎರಡು ಪ್ರತಿಗಳಲ್ಲಿ ಒಂದೇ ಕೆಟ್ಟ ಕೋಶಗಳಿಂದ ಇದು ಶೇಕಡ 50 ಮೀರಲಾರದು. ಮೀರಿದ್ದು ಏಕೆಂದರೆ ಕೋಶ ವಿಭಜನೆಯ ವೇಳೆ 9ನೇ ವರ್ಣತಂತುವಿನ ಒಳ್ಳೆಯ ತುದಿ ಕಳೆದು, ಅದರ ಜಾಗಕ್ಕೂ ಕೆಟ್ಟ ಪ್ರತಿಯೇ ಬಂದು ಕೂತಿದ್ದ ಕೋಶಗಳು ಉಳಿದವನ್ನು ಹಿಂದಿಕ್ಕಿ ಬೆಳೆದಿದ್ದವು.

ಬೆಂಗಳೂರಿನ ರಕ್ತರೋಗ ತಜ್ಞರ ಸಲಹೆಯಂತೆ ಜಾಕ್2ನ್ನು ತಡೆಯುವ ರುಕ್ಸೋಲಿಟಿನಿಬ್ ಶುರುವಾಯಿತು. ಅಮೆರಿಕದಲ್ಲಿ 2011ರಲ್ಲಿ ಮೈಲೊಫೈಬ್ರೊಸಿಸ್‌ಗೆ ಅನುಮತಿ ಪಡೆದ, ಇಂಥ ಕುಟುಂಬಕ್ಕೆ ಹೊರೆಯೇ ಆಗುವ ಬೆಲೆಯ ಔಷಧ ಅದು. ಗುಲ್ಮ ಅರ್ಧಕ್ಕಿಳಿಯಿತು, ರಾತ್ರಿಯ ಬೆವರು ನಿಂತಿತು, ಮತ್ತೆ ಹೊಟ್ಟೆತುಂಬ ಉಣ್ಣುವಂತಾಯಿತು. ರಕ್ತಹೀನತೆ ಮಾತ್ರ ಹೆಚ್ಚಿತು. ಇದಕ್ಕೆ ಕಾರಣ ಔಷಧ ಹೋಗಿ ಕೂರುವ ಜಾಗ. ರೋಗ ಇರುವುದು ಸ್ಯೂಡೋಕೈನೇಸ್ ಭಾಗದಲ್ಲಿ. ರುಕ್ಸೋಲಿಟಿನಿಬ್ ಅಂಟುವುದು ಪಕ್ಕದ ಕೈನೇಸ್ ಭಾಗದ ಎಟಿಪಿ ಕುಳಿಗೆ. ಆ ಕುಳಿ ಕೆಟ್ಟ ಜಾಕ್2ರಲ್ಲೂ ಒಳ್ಳೆಯ ಜಾಕ್2ರಲ್ಲೂ ಒಂದೇ ಆಗಿರುವುದರಿಂದ ಅಳಿದುಳಿದ ಆರೋಗ್ಯವಂತ ಕೋಶಗಳ ಕೆಂಪುಕಣ ತಯಾರಿಯೂ ಕುಂದುತ್ತದೆ. ಸ್ಯೂಡೋಕೈನೇಸ್ ಭಾಗಕ್ಕೇ ಅಂಟುವ ಔಷಧ ಸಾಧ್ಯ ಎಂಬುದು ಈಗ ಊಹೆಯಲ್ಲ: ಜಾಕ್2ರ ಸೋದರ ಪ್ರೋಟೀನಾದ ಟಿಕ್2ರ ಅದೇ ಭಾಗಕ್ಕೆ ಅಂಟುವ ಡ್ಯೂಕ್ರಾವಸಿಟಿನಿಬ್‌ಗೆ 2022ರಲ್ಲಿ ಅಮೆರಿಕದಲ್ಲಿ ಸೋರಿಯಾಸಿಸ್‌ಗಾಗಿ ಅನುಮತಿ ದೊರೆತಿದೆ. ವಿ617ಎಫ್ ರೂಪವನ್ನಷ್ಟೇ ತಡೆಯುವ ಔಷಧ ಕೈಗೆ ಬರುವವರೆಗೆ, ಒಳ್ಳೆಯದನ್ನೂ ಕೆಟ್ಟದ್ದನ್ನೂ ಒಟ್ಟಿಗೆ ಅದುಮುವ ಈ ಚಿಕಿತ್ಸೆಯಲ್ಲೇ ನಾವು ತೂಗಿಸಿಕೊಂಡು ಹೋಗಬೇಕಾಗಿದೆ.

2022ರ ಬೇಸಿಗೆಯಲ್ಲಿ ಜ್ವರ, ವಸಡಿನ ರಕ್ತಸ್ರಾವದೊಂದಿಗೆ ಅವರನ್ನು ಕರೆತಂದರು. ಮಜ್ಜೆಯಲ್ಲಿ ಬ್ಲಾಸ್ಟ್ ಎಂಬ ಬಲಿಯದ ಎಳೆಯ ಕೋಶಗಳು ಶೇಕಡ 31 ಇದ್ದವು; 20 ದಾಟಿದರೆ ಅದು ತೀವ್ರ ಮೈಲಾಯ್ಡ್ ಲ್ಯುಕೀಮಿಯಾ. ಅಚ್ಚರಿ ತಂದದ್ದು ವಂಶವಾಹಿಯ ವರದಿ. ಬ್ಲಾಸ್ಟ್ ಕೋಶಗಳನ್ನು ಬೇರ್ಪಡಿಸಿ ನೋಡಿದಾಗ ಅವುಗಳಲ್ಲಿ ಜಾಕ್2 ಮ್ಯುಟೇಶನ್ ಇರಲಿಲ್ಲ. ಕೋಶ ಕ್ಯಾನ್ಸರಾಗದಂತೆ ಕಾಯುವ ಟಿಪಿ53 ವಂಶವಾಹಿ ಕೆಟ್ಟಿತ್ತು. ಎಂಟು ವರ್ಷ ನಾವು ಬೆನ್ನುಹತ್ತಿದ್ದ ಗುರುತು ಲ್ಯುಕೀಮಿಯಾದ ಕೋಶಗಳಲ್ಲೇ ಇಲ್ಲ! ಇದು ಇವರೊಬ್ಬರ ವಿಚಿತ್ರವಲ್ಲ. ಜಾಕ್2 ಮ್ಯುಟೇಶನ್ ಇದ್ದ ರೋಗಿಗಳಿಗೆ ಮುಂದೆ ಬರುವ ಲ್ಯುಕೀಮಿಯಾಗಳಲ್ಲಿ ಗಣನೀಯ ಪಾಲು ಆ ಮ್ಯುಟೇಶನ್ ಇಲ್ಲದ ಕೋಶಗಳಿಂದ ಹುಟ್ಟುತ್ತದೆ ಎಂದು 2006ರಿಂದಲೇ ವರದಿಗಳಿವೆ. ಜಾಕ್2 ಕೆಡುವ ಮುಂಚೆಯೇ ಬೇರಾವುದೋ ದೋಷ ಹೊತ್ತಿದ್ದ ಪೂರ್ವಜ ಕೋಶದ ಇನ್ನೊಂದು ಕವಲು ಲ್ಯುಕೀಮಿಯಾ ಆಗಿರಬಹುದು, ಅಥವಾ ಸಂಬಂಧವೇ ಇಲ್ಲದ ಕೋಶದಲ್ಲಿ ಅದು ಹುಟ್ಟಿರಬಹುದು.

ಕೋಶಗಳ ಬೆಳವಣಿಗೆಯ ದೃಷ್ಟಿಯಿಂದ ನೋಡಿದರೆ ಇದು ಅರ್ಥವಾಗುವಂಥದೇ. ವಿ617ಎಫ್ ಕೋಶಗಳ ಸಂಖ್ಯೆ ಹೆಚ್ಚಿಸುತ್ತದೆ, ಆದರೆ ಅವು ಬಲಿಯುವುದನ್ನು ತಡೆಯುವುದಿಲ್ಲ. 2014ರಲ್ಲಿ ಈ ರೋಗಿಯ ರಕ್ತ ತುಂಬಿದ್ದದ್ದು ಪೂರ್ತಿ ಬಲಿತ ಕಣಗಳಿಂದಲೇ. ತೀವ್ರ ಲ್ಯುಕೀಮಿಯಾದಲ್ಲಿ ಕೋಶಗಳು ಎಳಸಾಗಿಯೇ ನಿಂತುಬಿಡುತ್ತವೆ. ಹಾಗೆ ನಿಲ್ಲಿಸುವ ಶಕ್ತಿಯಿರುವ ಸ್ಯೂಡೋಕೈನೇಸ್ ಬೇರೆಯೇ ಇದೆ, ಅದು ಟ್ರಿಬ್2. ಮೈಲಾಯ್ಡ್ ಕೋಶಗಳು ನ್ಯೂಟ್ರೋಫಿಲ್ ಆಗಿ ಬಲಿಯಲು ಸಿಇಬಿಪಿ-ಆಲ್ಫಾ ಎಂಬ ಪ್ರೋಟೀನು ಬೇಕು. ಟ್ರಿಬ್2 ಫಾಸ್ಫೇಟ್ ಸಾಗಿಸಿ ಅದನ್ನು ಮುಟ್ಟುವುದಿಲ್ಲ. ಒಂದು ಬದಿಯಲ್ಲಿ ಸಿಇಬಿಪಿ-ಆಲ್ಫಾವನ್ನೂ ಇನ್ನೊಂದು ಬದಿಯಲ್ಲಿ ಕಾಪ್1 ಎಂಬ ಕಿಣ್ವವನ್ನೂ ಹಿಡಿದು ಎರಡನ್ನೂ ಹತ್ತಿರ ತರುತ್ತದೆ, ಕಾಪ್1 ಅದಕ್ಕೆ ನಾಶದ ಗುರುತು ಹಾಕುತ್ತದೆ. ಟ್ರಿಬ್2ನ್ನು ಅತಿಯಾಗಿ ತಯಾರಿಸುವ ಮಜ್ಜೆಯ ಕೋಶಗಳನ್ನು ಇಲಿಗಳಿಗೆ ಕೊಟ್ಟಾಗ ಅವುಗಳಿಗೆ ತೀವ್ರ ಮೈಲಾಯ್ಡ್ ಲ್ಯುಕೀಮಿಯಾ ಬಂದದ್ದನ್ನು 2006ರಲ್ಲಿ ತೋರಿಸಲಾಯಿತು. ಕಾಪ್1ನ್ನು ಹಿಡಿಯುವ ತುದಿ ಕೆಡಿಸಿದ ಟ್ರಿಬ್2 ಕೊಟ್ಟಾಗ ರೋಗ ಬರಲಿಲ್ಲ. ನಮ್ಮ ರೋಗಿಯಲ್ಲಿ ಟ್ರಿಬ್2 ಅಳೆಯಲಿಲ್ಲ, ಅವರ ಲ್ಯುಕೀಮಿಯಾಕ್ಕೆ ಅದನ್ನು ಹೊಣೆಯಾಗಿಸುವುದೂ ಇಲ್ಲ. ಅದನ್ನು ಇಲ್ಲಿ ತಂದದ್ದು, ಸ್ಯೂಡೋಕೈನೇಸ್‌ಗಳೆಲ್ಲ ಒಂದೇ ರೀತಿ ರಕ್ತ ಕೆಡಿಸುತ್ತವೆ ಎಂದು ತಿಳಿಯಬಾರದು ಎಂಬುದಕ್ಕಾಗಿ. ಒಂದು ಹೆಚ್ಚು ಹುಟ್ಟಿಸುತ್ತದೆ, ಇನ್ನೊಂದು ಬಲಿಯಗೊಡುವುದಿಲ್ಲ. ಜಾಕ್2 ತಡೆಯುವ ಔಷಧ ಇಂಥ ಲ್ಯುಕೀಮಿಯಾದ ಮೇಲೆ ನಡೆಯದಿರುವುದಕ್ಕೂ ಕಾರಣ ಇದರಲ್ಲೇ ಇದೆ.

69ರ ವಯಸ್ಸು, ಟಿಪಿ53 ದೋಷ ಎರಡೂ ಸೇರಿ ಮಜ್ಜೆ ಕಸಿಯ ದಾರಿ ಮುಚ್ಚಿತ್ತು. ಅಜಸಿಟಿಡಿನ್ ಎಂಬ ಕೀಮೋ ಔಷಧವನ್ನು ಎರಡು ಸುತ್ತು ಕೊಟ್ಟರೂ ಬ್ಲಾಸ್ಟ್‌ಗಳು ಇಳಿಯಲಿಲ್ಲ. ಆಮೇಲೆ ಅವರು ಮನೆಯಲ್ಲೇ ಇರುತ್ತೇನೆಂದರು. ರಕ್ತ, ಪ್ಲೇಟ್‌ಲೆಟ್ ಕೊಡಿಸಲು ಮಾತ್ರ ಕರೆತರುತ್ತಿದ್ದರು. ಲ್ಯುಕೀಮಿಯಾ ಗೊತ್ತಾದ ಐದನೆಯ ತಿಂಗಳಲ್ಲಿ ತೀರಿಕೊಂಡರು.

ಮಗನ ರಕ್ತ

ಅದೇ ಭಟ್ಟಿಯಲ್ಲಿ ದುಡಿಯುವ ಮಗ ಮೊದಲೇ ಕೇಳಿದ್ದರು: "ಇದು ನಮಗೂ ಬರ್ತತೇನ್ರಿ?" ಈ ಮ್ಯುಟೇಶನ್ ಹುಟ್ಟಿನಿಂದ ಬರುವುದಲ್ಲ, ಬದುಕಿನ ನಡುವೆ ಮಜ್ಜೆಯ ಒಂದು ಕೋಶದಲ್ಲಿ ಆಗುವುದು, ತಾಯಿಯಿಂದ ಮಗನಿಗೆ ದಾಟುವುದಿಲ್ಲ. ಆದರೂ ಇಂಥ ರೋಗಿಗಳ ಒಡಹುಟ್ಟಿದವರು, ಮಕ್ಕಳಲ್ಲಿ ಈ ಗುಂಪಿನ ರೋಗಗಳ ಸಾಧ್ಯತೆ ಇತರರಿಗಿಂತ ಐದರಿಂದ ಏಳು ಪಟ್ಟು ಹೆಚ್ಚು ಎಂದು ಸ್ವೀಡನ್ನಿನ ದೊಡ್ಡ ಅಧ್ಯಯನವೊಂದು 2008ರಲ್ಲಿ ಹೇಳಿದೆ. ಮೂಲದಲ್ಲೇ ವಿರಳವಾದ ರೋಗ ಅಷ್ಟು ಪಟ್ಟಾದರೂ ವಿರಳವೇ, ಆದರೆ ಒಂದು ಸಾಮಾನ್ಯ ರಕ್ತಪರೀಕ್ಷೆ ಮಾಡಿಸಲು ಅಷ್ಟು ಕಾರಣ ಸಾಕು. ಅವರ ಹಿಮೋಗ್ಲೋಬಿನ್ 17.2 ಬಂತು, ಗಂಡಸರಿಗೆ ಈಗಿನ ಮಿತಿಯಾದ 16.5ಕ್ಕಿಂತ ಹೆಚ್ಚು. ಮನೆಯವರು ಗಾಬರಿಯಾದರು. ತಾಯಿಗೆ ಮಾಡಿದ ಪರೀಕ್ಷೆಗಳನ್ನೇ ಮಾಡಿಸಿದೆವು. ಬಿಳಿಕಣ, ಪ್ಲೇಟ್‌ಲೆಟ್ ಮಾಮೂಲು, ಗುಲ್ಮ ಸಿಗುತ್ತಿರಲಿಲ್ಲ, ಎರಿತ್ರೋಪೊಯೆಟಿನ್ ತಾಯಿಯಂತೆ ಕುಗ್ಗದೆ 16 ಇತ್ತು, ಜಾಕ್2ರಲ್ಲಿ ಮ್ಯುಟೇಶನ್ ಇಲ್ಲ. ದಿನಕ್ಕೆ ಎರಡು ಕಟ್ಟು ಬೀಡಿ ಸೇದುತ್ತಿದ್ದ ಅವರ ಮಟ್ಟಿಗೆ ಕಾರಣ ನಿಜಕ್ಕೂ ಹೊಗೆಯೇ ಆಗಿತ್ತು. ಬೀಡಿ ಬಿಟ್ಟು, ಭಟ್ಟಿಯ ಒಲೆಯಿಂದ ಮಂಡಕ್ಕಿ ಜರಡಿ ಹಿಡಿಯುವ ಕೆಲಸಕ್ಕೆ ಬದಲಾದ ಮೇಲೆ ನಾಲ್ಕು ತಿಂಗಳಲ್ಲಿ ಅವರ ಹಿಮೋಗ್ಲೋಬಿನ್ 15.8ಕ್ಕೆ ಇಳಿಯಿತು.